ಓಟಿಪಿ ಯಾರಿಗೂ ಕೊಡಬೇಡಿ, ನನಗೊಬ್ಬಳಿಗೆ ಕೊಡಿ

ನಾನು ಹೋದಲ್ಲೆಲ್ಲ ಏನಾದರೊಂದು ಎಡವಟ್ಟು ಆಗುತ್ತದೆ. ತಪ್ಪು ನನ್ನದೋ ನನ್ನ ಕೆಲಸದ್ದೋ ಇನ್ನೂ ತೀರ್ಮಾನವಾಗಿಲ್ಲ. ಹಳ್ಳಿಹಳ್ಳಿಗೆ ಹೋಗಿ, ಪಾಸ್‌ವರ್ಡ್ ಜೋಪಾನ ಮಾಡುವುದು ಹೇಗೆ, ನಮ್ಮ ಮಾಹಿತಿ ಕಳ್ಳರ ಕೈಗೆ ಸಿಗದಂತೆ ನೋಡಿಕೊಳ್ಳುವುದು ಹೇಗೆ ಎಂದು ಪಾಠ ಹೇಳುವ ಗುತ್ತಿಗೆ ನೌಕರಿ ನನ್ನದು. "ಓಟಿಪಿ ಯಾರಿಗೂ ಹೇಳಬೇಡಿ" ಎಂದು ಎರಡು ಗಂಟೆ ಗಂಟಲು ಹರಿದುಕೊಳ್ಳಬೇಕು. ಪಾಠ ಮುಗಿದ ಕೂಡಲೇ ಬಂದವರ ಮೊಬೈಲಿಗೆಲ್ಲ ಒಂದೊಂದು ಓಟಿಪಿ ಬರುತ್ತದೆ. ಅದನ್ನು ಅವರ ಬಾಯಿಂದಲೇ ಕೇಳಿ ನನ್ನ ಮೊಬೈಲಿಗೆ ಹಾಕಬೇಕು. ತರಬೇತಿ ನಡೆದದ್ದಕ್ಕೆ ಅದೇ ಪುರಾವೆ. ಪುರಾವೆ ಇಲ್ಲದಿದ್ದರೆ ನೌಕರಿ ಮುಂದುವರಿಯುವುದಿಲ್ಲ. ಈ ನಿಯಮ ಮಾಡಿದ ಪುಣ್ಯಾತ್ಮರು ನನ್ನ ಪಾಠಕ್ಕೆ ಒಮ್ಮೆಯೂ ಬಂದಿಲ್ಲ ಎಂಬುದು ನನ್ನ ಗುಮಾನಿ.

ಹನ್ನೊಂದು ಜನರ ಗುಟ್ಟು

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಮೆಕ್ಕೆಜೋಳ ಬೆಳೆಯುವವರಿಗೆ ಪಾಠ. ಮುಂದೆ ಕೂತಿದ್ದ ದಪ್ಪ ಮೀಸೆಯವರು ಎದ್ದರು. "ಮೇಡಂ, ನಂದು ಗಟ್ಟಿ ಐತೋ ಇಲ್ಲೋ ನೋಡ್ರಿ" ಎಂದವರೇ, ನಾನು ತಡೆಯುವ ಮೊದಲೇ ಪಾಸ್‌ವರ್ಡನ್ನು ಸಭೆಗೆಲ್ಲ ಕೇಳುವಂತೆ ಹೇಳಿಬಿಟ್ಟರು.

ಹಿಂದಿನಿಂದ ಒಬ್ಬರು ಗುಡುಗಿದರು. "ಏ, ಅದು ನಂದು! ನಿಂಗ್ಯಾರು ಹೇಳಿದ್ರು?"

ಮೂಲೆಯಿಂದ ಇನ್ನೊಬ್ಬರು, "ನಂದೂ ಅದೇ ಐತಲ್ಲೋ!"

ನೋಡನೋಡುತ್ತ ಹನ್ನೊಂದು ಜನ ಎದ್ದು ನಿಂತು ಒಬ್ಬರನ್ನೊಬ್ಬರು ಕಳ್ಳರ ಹಾಗೆ ನೋಡತೊಡಗಿದರು. ವಿಚಾರಿಸಿದರೆ, ಎಲ್ಲರೂ ಸಂತೆಗೆ ಬಂದಾಗ ಒಂದೇ ಕಂಪ್ಯೂಟರ್ ಅಂಗಡಿಯಲ್ಲಿ ಖಾತೆ ಮಾಡಿಸಿದ್ದರು. ನೆನಪಿಡುವ ತಾಪತ್ರಯವೇ ಬೇಡ ಎಂದು ಅಂಗಡಿಯವನು ಎಲ್ಲರಿಗೂ ಒಂದೇ ಹಾಕಿಕೊಟ್ಟಿದ್ದ. ಇವತ್ತೇ ಬದಲಾಯಿಸಿ ಎಂದು ಗದರಿದೆ. ಮುಂದಿನ ವಾರ ಮೀಸೆಯವರು ಸಿಕ್ಕಾಗ ಕೇಳಿದೆ.

"ಅವತ್ತೇ ಎಲ್ರೂ ಹೋಗಿ ಬದಲಾಯಿಸಿಕೊಂಡ್ವಿ ಮೇಡಂ, ಅದೇ ಅಂಗಡೀಲಿ. ಈಗ ಎಲ್ರದ್ದೂ ಹೊಸದು ಐತೆ. ಒಂದೇ!"

ಗೋಡೆ ಬರಹ

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಟೀ ಕುಡಿಯಲು ಮನೆಗೆ ಕರೆದರು. ಪಡಸಾಲೆಯ ಗೋಡೆಯ ಮೇಲೆ ಅವರ ಪಾಸ್‌ವರ್ಡು ಸೀಮೆಸುಣ್ಣದಲ್ಲಿ ದುಂಡಗೆ ಕೂತಿತ್ತು. ನಾನು ಹೌಹಾರಿದೆ. ಅವರು ನಕ್ಕರು.

"ನಾನೇನು ದಡ್ಡನೇನ್ರೀ? ಅದ್ರಾಗೆ ಒಂದು ಅಂಕಿ ಬೇಕಂತ್ಲೇ ತಪ್ಪು ಬರ್ದೀನಿ."

"ಯಾವುದು ಸಾರ್?" ಬಾಯಿ ತಪ್ಪಿ ಕೇಳಿಬಿಟ್ಟೆ.

ಮೇಷ್ಟ್ರು ಲೋಟ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ಅಳೆದರು. "ಅದು ನಿಮಗ್ಯಾಕೆ? ನನ್ನ ಬಿಟ್ಟು ಈ ಲೋಕದಾಗೆ ಇನ್ನೊಬ್ರಿಗೆ ಗೊತ್ತಿಲ್ಲ."

ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬಂತು. "ಐದು ಅಂತ ಐತಲ್ಲ, ಅದು ಏಳು ಕಣಮ್ಮ. ಸಕ್ಕರೆ ಇನ್ನೊಂಚೂರು ಹಾಕ್ಲಾ?"

ತವರೂರು

ಪಾಸ್‌ವರ್ಡ್ ಮರೆತರೆ ಎಂದು ಒಂದು ಗುಪ್ತ ಪ್ರಶ್ನೆಗೆ ಉತ್ತರ ಬರೆದಿಡುವುದುಂಟು. ನ್ಯಾಮತಿಯ ಒಬ್ಬ ಟೈಲರಮ್ಮನ ಮೊಬೈಲಿನಲ್ಲಿ ಬಂದ ಪ್ರಶ್ನೆ: ನಿಮ್ಮ ತಾಯಿಯ ತವರೂರು ಯಾವುದು?

"ಇದೆಂಥ ಗುಟ್ಟು ಮೇಡಂ? ನಮ್ಮವ್ವನ ತವರು ಬಸ್ ಕಂಡಕ್ಟರಿಗೂ ಗೊತ್ತೈತೆ" ಎಂದರು. ಮಾತು ಸರಿಯೇ. ಹಾಗಾದರೆ ಸುಳ್ಳು ಊರು ಬರೆಯಿರಿ ಎಂದೆ. ಅವ್ವನ ತವರನ್ನು ಸುಳ್ಳು ಬರೆಯುವುದೇ ಎಂದು ಅವರ ಕಣ್ಣಲ್ಲಿ ನೀರೇ ಬಂತು. ಬಹಳ ಹೊತ್ತು ಯೋಚಿಸಿ ಏನನ್ನೋ ಬರೆದು, ನನ್ನ ಕಿವಿಯಲ್ಲಿ ಹೇಳಿದರು. "ನಮ್ಮ ಅತ್ತೆ ತವರು ಹಾಕೀನಿ."

"ಅದೂ ಎಲ್ಲರಿಗೂ ಗೊತ್ತಿರುತ್ತಲ್ಲ?"

"ಗೊತ್ತಿದ್ರೇನು? ಆ ಊರಿನ ಹೆಸ್ರು ನಾನು ಸತ್ರೂ ಎತ್ತಲ್ಲ ಅಂತ ಇಡೀ ಓಣಿಗೇ ಗೊತ್ತೈತೆ!"

ಜಗಳೂರಿನ ಅಜ್ಜಿ

ಗುತ್ತಿಗೆಯ ಕಡೇ ದಿನದ ತರಬೇತಿ ಜಗಳೂರಿನಲ್ಲಿ, ಸ್ವಸಹಾಯ ಸಂಘದ ನಲವತ್ತು ಹೆಂಗಸರಿಗೆ. ಸಂಜೆ ಐದರೊಳಗೆ ಇಪ್ಪತ್ತು ಓಟಿಪಿ ಹಾಕದಿದ್ದರೆ ನಾನು ಮನೆಗೆ. ಮನೆ ನಡೆಯುತ್ತಿದ್ದದ್ದು ಈ ನೌಕರಿಯಿಂದಲೇ.

ಆ ಭಯಕ್ಕೋ ಏನೋ, ಅವತ್ತು ಪಾಠ ಎಂದಿಗಿಂತ ಚೆನ್ನಾಗಿ ಬಂತು. ಲಾಕ್ ನಂಬರ್ ಬದಲಾಯಿಸುವುದನ್ನು ತೋರಿಸಲು ನನ್ನ ಮೊಬೈಲನ್ನೇ ತೆರೆದು, ಮುಂದೆ ಕೂತಿದ್ದ ಅಜ್ಜಿಯ ಕೈಗಿಟ್ಟು, "ನಿಮಗೆ ತೋಚಿದ ಹೊಸ ನಂಬರ್ ಒತ್ತಿ" ಎಂದೆ. ಅಜ್ಜಿ ಸೆರಗಿನ ಮರೆಯಲ್ಲಿ ಎರಡು ಸಲ ಒತ್ತಿ ವಾಪಸ್ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಮೊಬೈಲ್ ಲಾಕ್ ಆಯಿತು.

"ಏನು ಒತ್ತಿದ್ರಿ ಅಜ್ಜಿ?"

"ಹೇಳಂಗಿಲ್ಲ. ನೀವೇ ಹೇಳಿದ್ರಲ್ಲ, ಯಾರು ಕೇಳಿದ್ರೂ ಹೇಳಬ್ಯಾಡ್ರಿ ಅಂತ."

"ಅಜ್ಜಿ, ಇದು ನನ್ನ ಫೋನು!"

"ಹಂಗಂತ ಅಳ್ತಾ ಕೇಳೋರೂ ಇರ್ತಾರೆ ಅಂದ್ರಲ್ಲ!"

ನಲವತ್ತು ಜನರೂ ನನ್ನನ್ನು ಅನುಮಾನದಿಂದ ನೋಡಿದರು. ಎಲ್ಲರ ಮೊಬೈಲೂ ಸೆರಗಿನ ಒಳಗೆ ಹೋಯಿತು. ಗಂಟೆ ನಾಲ್ಕೂ ಮುಕ್ಕಾಲು. ಆಗ ನಮ್ಮ ಸಾಹೇಬರ ಫೋನ್ ಬಂತು. ಎತ್ತಿ, ವಿಷಯ ಹೇಳಿದೆ. ಆ ಅಜ್ಜಿಗೇ ಕೊಡು ಎಂದು ರೇಗಿದರು. ಸ್ಪೀಕರ್ ಹಾಕಿ ಕೊಟ್ಟೆ.

"ನೋಡಮ್ಮ, ನಾನು ದೊಡ್ಡ ಆಫೀಸರ್ ಮಾತಾಡ್ತಿರೋದು. ಟೈಮಿಲ್ಲ, ಬೇಗ ಆ ನಂಬರ್ ಹೇಳು."

ಅಜ್ಜಿ ಎದ್ದು ನಿಂತರು. "ದೊಡ್ಡ ಆಫೀಸರ್ ಅಂತೆ! ಟೈಮಿಲ್ಲ ಅಂತೆ! ಕಳ್ಳರೂ ಹಿಂಗೇ ಅವಸರ ಮಾಡ್ತಾರೆ ಅಂತ ನಮ್ ಮೇಡಂ ಈಗಷ್ಟೇ ಹೇಳ್ಯಾರೆ. ಹೆಣ್ಮಗಳ ಫೋನಿಗೆ ಕೈ ಹಾಕಾಕೆ ನಾಚ್ಕೆ ಆಗಲ್ವೇನೋ? ದುಡ್ಕಂಡು ತಿನ್ನೋ, ಮುಖೇಡಿ!" ಎಂದು ಕರೆ ಕತ್ತರಿಸಿದರು.

ಬಸ್ಸು ಹತ್ತುವಾಗ ಅಜ್ಜಿಯೇ ಬಂದು ಬೆನ್ನು ತಿರುಗಿಸಿ ಲಾಕ್ ತೆಗೆದುಕೊಟ್ಟರು. ಗಂಟೆ ಆರಾಗಿತ್ತು. ಓಟಿಪಿ ಒಂದೂ ಇಲ್ಲ. ದಾರಿಯುದ್ದಕ್ಕೂ ಅಳು ನುಂಗಿಕೊಂಡು ಬಂದೆ.

ಮರುದಿನ, ಐಡಿ ಕಾರ್ಡ್ ಒಪ್ಪಿಸಿ ಬರೋಣ ಎಂದು ಕಚೇರಿಗೆ ಹೋದೆ. ಸಾಹೇಬರು ಮುಖ ಎತ್ತದೆಯೇ ನನ್ನ ಫೈಲನ್ನು ಮುಂದಕ್ಕೆ ತಳ್ಳಿದರು. ಗುತ್ತಿಗೆ ಇನ್ನೊಂದು ವರ್ಷ ಮುಂದುವರಿಸಿ ಸಹಿ ಹಾಕಿದ್ದರು. ಪುರಾವೆ ಎಂಬ ಜಾಗದಲ್ಲಿ ಸ್ವಂತ ಕೈಯಲ್ಲಿ ಹೀಗೆ ಬರೆದಿದ್ದರು: "ತರಬೇತಿ ಪರಿಣಾಮಕಾರಿಯಾಗಿ ನಡೆದಿದೆ. ಖುದ್ದು ಬೈಸಿಕೊಂಡಿದ್ದೇನೆ."