ಯಾರೂ ಮಾತಾಡದ ಲೈನು

ಕಿವಿಗಳು ಎರಡಿದ್ದರೂ ಇಬ್ಬರ ಮಾತನ್ನು ಒಟ್ಟಿಗೆ ಕೇಳಲಾಗದು ಎಂಬುದು ತಿಳಿಯುವಷ್ಟರಲ್ಲಿ ನಾನು ಟೆಲಿಫೋನ್ ಆಪರೇಟರಾಗಿ ಹನ್ನೊಂದು ವರ್ಷ ಕಳೆದಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಊರಿನ ಹೆಸರು ಬೇಡ. ಹೊನ್ನಾಳಿ, ಚನ್ನಗಿರಿಗಳ ಆಸುಪಾಸು ಎಂದುಕೊಳ್ಳಿ. ಯಾರು ಯಾರೊಡನೆ ಮಾತಾಡಬೇಕಾದರೂ ಬೋರ್ಡಿನ ತೂತಿಗೆ ನಾನು ವೈರು ಸಿಕ್ಕಿಸಬೇಕು, ಮುಗಿದ ಮೇಲೆ ನಾನೇ ಕೀಳಬೇಕು. ಆಗಾಗ ಒಂದೊಂದು ಲೈನಿಗೂ ಕಿವಿಯಿಟ್ಟು, ಸದ್ದಿಲ್ಲದಿದ್ದರೆ “ಆಯ್ತೇನ್ರೀ?” ಎಂದು ಕೇಳಿ, ಉತ್ತರ ಬಾರದಿದ್ದರೆ ಕೀಳುವುದು ನಿಯಮ. ಅದಕ್ಕಿಂತ ಹೆಚ್ಚು ಕೇಳಿಸಿಕೊಳ್ಳಬಾರದೆಂಬುದೂ ನಿಯಮವೇ. ಮೊದಲನೆಯದನ್ನು ನಾನು ಎಂದೂ ತಪ್ಪಿದವನಲ್ಲ. ಮನೆಯಲ್ಲಿ ಹೆಂಡತಿ ಮಾತಿನ ನಡುವೆ ಉಸಿರೆಳೆದುಕೊಂಡಾಗಲೂ “ಆಯ್ತೇನ್ರೀ?” ಎಂದು ಬೈಸಿಕೊಂಡಿದ್ದೇನೆ.

ಒಂದು ಬೆಳಿಗ್ಗೆ ನ್ಯಾಮತಿಯಿಂದ ರುದ್ರಪ್ಪನೆಂಬ ರೈತ ನಮ್ಮೂರಿನ ದನದ ಡಾಕ್ಟರಿಗೆ ಫೋನು ಮಾಡಿದ. ಹಸು ಈಯಲಾರದೆ ಒದ್ದಾಡುತ್ತಿತ್ತು. ಡಾಕ್ಟರ ಸ್ಕೂಟರು ರಿಪೇರಿಗೆ ಹೋಗಿತ್ತು. “ಒಂದೇ ಕಾಲು ಬಂದಿದ್ರೆ ಎಳೀಬ್ಯಾಡ್ರಿ. ಕೈಗೆ ಸೋಪು ಹಚ್ಕೊಂಡು, ಕರಾನ ಮೆಲ್ಲಗೆ ಹಿಂದಕ್ಕೆ ತಳ್ಳಿ, ಮಡಚಿದ ಕಾಲು ಬಿಡಿಸ್ರಿ” ಎಂದು ಡಾಕ್ಟರು ಹೇಳುವವರೆಗೆ ನಾನೂ ಕೇಳಿದೆ. ಅಷ್ಟರಲ್ಲಿ ಚನ್ನಗಿರಿ–ಜಗಳೂರು ಲೈನಿನಲ್ಲಿ ವಾರಗಿತ್ತಿಯರಿಬ್ಬರು ಒಂದು ರೇಷ್ಮೆ ಸೀರೆಗಾಗಿ ಜಗಳಕ್ಕಿಳಿದಿದ್ದರು. ಕಿವಿ ಅತ್ತ ಹೋಯಿತು. ತಿರುಗಿ ಬಂದರೆ ಈ ಲೈನಿನಲ್ಲಿ ಸದ್ದಿಲ್ಲ. “ಆಯ್ತೇನ್ರೀ?” ಎಂದೆ. ಉತ್ತರವಿಲ್ಲ. ಕಿತ್ತೆ.

ನಮ್ಮ ಕಡೆ ಫೋನನ್ನು ಮೇಜಿನ ಮೇಲೆ ಮಲಗಿಸಿ ಎದ್ದು ಹೋಗುವುದು ವಾಡಿಕೆ. ಎಷ್ಟು ಕಾಲು ಬಂದಿದೆಯೆಂದು ನೋಡಲು ರುದ್ರಪ್ಪ ಕೊಟ್ಟಿಗೆಗೆ ಓಡಿದ್ದ, ಡಾಕ್ಟರು ಪುಸ್ತಕ ಹುಡುಕಲು ಒಳಗೆ ಹೋಗಿದ್ದರು. ಬಂದು ನೋಡಿದ ಡಾಕ್ಟರು, ಲೈನು ಸತ್ತಿದೆಯೆಂದು ಸೈಕಲ್ಲು ಹತ್ತಿ ನ್ಯಾಮತಿಗೇ ಹೊರಟುಬಿಟ್ಟರು. ಇತ್ತ ಮರಳಿ ಫೋನೆತ್ತಿದ ರುದ್ರಪ್ಪನ ಕೂಗು ನನ್ನ ಕಿವಿಗೆ: “ಡಾಕ್ಟ್ರೇ, ಒಂದೇ ಕಾಲು ಬಂದೈತ್ರೀ! ಗಾಬ್ರೀಲಿ ನೀವು ಹೇಳಿದ್ದೆಲ್ಲ ಮರ್ತೋತು, ಹೆಂಗೆ ಮಾಡ್ಲಿ?” ಡಾಕ್ಟರ ಮನೆಗೆ ಗಂಟೆ ಹೊಡೆದೇ ಹೊಡೆದೆ, ಯಾರೂ ಎತ್ತಲಿಲ್ಲ. ಕೊನೆಗೆ ಕೇಳಿಸಿಕೊಂಡಿದ್ದಷ್ಟನ್ನೂ ನಾನೇ ಒಪ್ಪಿಸಿದೆ. ಹಸು ಉಳಿಯಿತು, ಕರುವೂ ಉಳಿಯಿತು. ಡಾಕ್ಟರು ತಲುಪುವಷ್ಟರಲ್ಲಿ ಕರು ಎದ್ದು ನಿಂತಿತ್ತಂತೆ.

ಮೂರನೆಯ ದಿನ, ಮಾತಿನ ನಡುವೆಯೇ ಲೈನು ಕಿತ್ತರೆಂಬ ಡಾಕ್ಟರ ದೂರು ಹಿಡಿದು ಮೇಲಧಿಕಾರಿ ಬಂದರು. “ಸರ್, ಯಾರು ಏನು ಮಾತಾಡ್ತಾರೋ ನಾನು ಕೇಳಿಸಿಕೊಳ್ಳೋದೇ ಇಲ್ಲ” ಎಂದು ನಾನು ಗಂಭೀರವಾಗಿ ಹೇಳುತ್ತಿರುವಾಗಲೇ ರುದ್ರಪ್ಪ ಗಿಣ್ಣದ ಪಾತ್ರೆಯೊಂದಿಗೆ ಬಾಗಿಲಲ್ಲಿ ನಿಂತಿದ್ದ. “ಡಾಕ್ಟ್ರು ಅಂದಿದ್ದು ಒಂದಕ್ಷರ ಬಿಡದಂಗೆ ಹೇಳಿದ್ರಲ್ರೀ! ಹಾಳಾದ್ ಲೈನು ಕಡಿದೋದ್ರೂ ನೀವಿದ್ರಿ.”

ಸಾಹೇಬರು ನನ್ನತ್ತ ತಿರುಗಿದರು. “ಅಷ್ಟು ಚೆನ್ನಾಗಿ ಕೇಳ್ತಿದ್ದೋರು ವೈರು ಯಾಕ್ರೀ ಕಿತ್ತಿರಿ?”

ರುದ್ರಪ್ಪನ ಮುಖದ ನಗು ಇಳಿಯಿತು. “ಕಿತ್ತಿದ್ದು ನೀವಾ?”

ರೇಷ್ಮೆ ಸೀರೆಯ ವಿಷಯ ಮುಚ್ಚಿಟ್ಟು, ಹೌದೆಂದು ತಲೆಯಾಡಿಸಿದೆ. ಆತ ಪಾತ್ರೆಯನ್ನು ಮೇಜಿನ ಮೇಲಿಟ್ಟು, “ತಂದಿದ್ದಂತೂ ಆತು, ತಿನ್ರಿ” ಎಂದು ಹೊರಟುಹೋದ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಸಾಹೇಬರ ಎದುರಿಗೇ ಎರಡನೆಯ ತುಂಡಿಗೆ ಕೈ ಹಾಕುವಾಗಲೂ ಆಗುತ್ತಲೇ ಇತ್ತು.