ನಾಲ್ಕು ಸೆಕೆಂಡ್ ತಡವಾದ 'ಬಾ'

ಇಂದ:
ದರ್ಜಿ (ಗಂಡಸರ ಉಡುಪು),
ಮೆಟ್ಟಿಲ ಕೆಳಗಿನ ಅಂಗಡಿ.

ಗೆ:
ಮುಖ್ಯಾಧಿಕಾರಿಗಳು,
ಇಂಟರ್‌ನೆಟ್ ಕರೆಗಳ ವಿಭಾಗ (ಇಂಥ ವಿಭಾಗ ಇಲ್ಲದಿದ್ದರೆ, ಇರಬೇಕಾಗಿದ್ದವರಿಗೆ).

ವಿಷಯ: ಮಾತು ತಡವಾದದ್ದು ತಮ್ಮಿಂದ, ನನ್ನಿಂದಲ್ಲ ಎಂಬ ಪ್ರಮಾಣಪತ್ರ ಕೋರಿ.

ಉಲ್ಲೇಖ: ೧. ಮಂಗಳವಾರ ಸಂಜೆಯ ಕರೆ. ೨. ಆಮೇಲಿನ ಮೌನ.

ಮಾನ್ಯರೇ,

೧. ನನ್ನ ಹೆಂಡತಿ ದೂರದ ಬಂದರಿನಲ್ಲಿ ಸರಕು ತೂಗುವ ಕೆಲಸದಲ್ಲಿದ್ದಾಳೆ. ನಾನು ಅಳೆಯುವವನು, ಅವಳು ತೂಗುವವಳು; ಆದ ಕಾರಣ ನಮ್ಮ ಸಂಸಾರದಲ್ಲಿ ಎಲ್ಲವೂ ಅಳೆದು ತೂಗಿಯೇ ನಡೆಯುತ್ತದೆ. ಅವಳ ಕರಾರು ಮುಗಿಯುತ್ತಿದೆ. ಶನಿವಾರದೊಳಗೆ ಇನ್ನೊಂದು ವರ್ಷಕ್ಕೆ ಸಹಿ ಹಾಕಬೇಕು, ಇಲ್ಲವೇ ಮನೆಗೆ ಬರಬೇಕು.

೨. ಮಂಗಳವಾರ ತಮ್ಮ ಸೇವೆಯ ಮೂಲಕ ಕರೆ ಮಾಡಿ, "ಸಹಿ ಹಾಕ್ದೆ ಬಂದ್ಬಿಡ್ಲಾ?" ಎಂದಳು. ನಾನು "ಬಾ" ಎಂದೆ. ಅದು ಅವಳಿಗೆ ಮುಟ್ಟುವಷ್ಟರಲ್ಲಿ ನಾಲ್ಕು ಸೆಕೆಂಡ್ ಕಳೆದು, ಅವಳು "ಬಿಡಿ, ಅರ್ಥ ಆಯ್ತು" ಎಂದು ಫೋನ್ ಇಟ್ಟಳು. ಆನಂತರ ಹನ್ನೊಂದು ಸಲ 'ಬಾ' ಎಂದು ಬರೆದು ಕಳುಹಿಸಲಾಗಿ, ಬಂದ ಉತ್ತರ ಒಂದೇ: "ನಾಲ್ಕು ಸೆಕೆಂಡ್ ಯೋಚ್ನೆ ಮಾಡಿ ಹೇಳೋ 'ಬಾ' ನಂಗೆ ಬೇಡ."

೩. ಈ ಬಗ್ಗೆ ಪಕ್ಕದ ಫೋನ್ ರಿಪೇರಿಯವನನ್ನು ವಿಚಾರಿಸಲಾಗಿ, "ಹಳೇ ಫೋನಲ್ಲಿ ನಿಮ್ಮಿಬ್ರಿಗೇ ಅಂತ ಒಂದು ದಾರಿ ಬಿಟ್ಕೊಡ್ತಿದ್ರು. ಇದ್ರಲ್ಲಿ ಹಾಗಲ್ಲಣ್ಣ. ನಿನ್ ಮಾತನ್ನ ಚೂರು ಚೂರು ಮಾಡಿ, ನಂಬರ್ ಹಾಕಿ, ಊರವರ ಹಾಡು, ವಿಡಿಯೋ ಜೊತೆಗೇ ಸಿಕ್ಕಿದ ದಾರೀಲಿ ಓಡಿಸ್ತಾರೆ. ಆ ಕಡೆ ಫೋನು ನಂಬರ್ ನೋಡಿ ಜೋಡಿಸ್ಕೊಳ್ಳುತ್ತೆ. ತೀರಾ ತಡವಾಗಿ ಬಂದ ಚೂರನ್ನ ಎಸೆದ್ಬಿಡುತ್ತೆ" ಎಂದನು.

ನಾನೂ ಕತ್ತರಿಸಿ ಜೋಡಿಸುವ ಕಸುಬಿನವನೇ, ಮಾನ್ಯರೇ. ಆದರೆ ತೋಳು ತಡವಾಯಿತೆಂದು ಎಸೆದು, ಗಿರಾಕಿಗೆ ಒಂಟಿ ತೋಳಿನ ಅಂಗಿ ಕೊಟ್ಟ ಉದಾಹರಣೆ ನಮ್ಮ ಅಂಗಡಿಯಲ್ಲಿಲ್ಲ. ಒಂದೇ ಅಕ್ಷರದ 'ಬಾ'ವನ್ನೂ ಚೂರು ಮಾಡುವ ದರ್ದು ಏನಿತ್ತು?

೪. ಆದಾಗ್ಯೂ ತಮ್ಮ ಬಳಿ ಮುಚ್ಚುಮರೆ ಬೇಡ. ನಾಲ್ಕರಲ್ಲಿ ಎರಡು ಸೆಕೆಂಡ್ ತಮ್ಮದು. ಒಂದು, ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ಉಗುಳಲು ಹಿಡಿಯಿತು. ಉಳಿದೊಂದು ಸೆಕೆಂಡ್ ನಾನು ನಿಜವಾಗಿಯೂ ಯೋಚಿಸಿದೆ. ಅವಳು ಹೋದ ಮೇಲೆ ಮಂಚದ ಅವಳ ಮಗ್ಗುಲಿಗೆ ಬಟ್ಟೆ ಕತ್ತರಿಸುವ ಹಲಗೆ ಹಾಕಿಕೊಂಡಿದ್ದೆ. ಅದನ್ನೀಗ ಎಲ್ಲಿಡುವುದು? ಇಷ್ಟೇ ನನ್ನ ಯೋಚನೆ. ಅವಳಿಲ್ಲದೆ ಮನೆ ಬಿಕೋ ಎನ್ನುತ್ತದೆ, ಹಲಗೆಯ ಜೊತೆ ಎಷ್ಟು ದಿನ ಮಾತಾಡಲಿ?

ಆದ್ದರಿಂದ, ನಾಲ್ಕು ಸೆಕೆಂಡೂ ತಮ್ಮವೇ ಎಂದು ಮೊಹರು ಹಾಕಿ, ಶುಕ್ರವಾರದೊಳಗೆ ಅವಳಿಗೆ ಮುಟ್ಟುವಂತೆ ಪ್ರಮಾಣಪತ್ರ ಕಳುಹಿಸಬೇಕು. ದಿನಕ್ಕೆ ಕೋಟಿಗಟ್ಟಲೆ ಸೆಕೆಂಡ್ ತಡಮಾಡುವ ತಮಗೆ ಇನ್ನೆರಡು ಭಾರವಲ್ಲ. ಕಾಗದದಲ್ಲಿಯೇ ಕಳುಹಿಸಬೇಕು, ಮತ್ತು ಒಂದೇ ತುಂಡಾಗಿ.

ತಮ್ಮ ವಿಶ್ವಾಸಿ, ಆದರೆ ಹೆಂಡತಿಯ ವಿಶ್ವಾಸ ಸದ್ಯಕ್ಕೆ ಕಳೆದುಕೊಂಡಿರುವ,
ದರ್ಜಿ

ಅಡಕ:
೧. ಗುಂಡುಪಿನ್ನು, ಆರು.
೨. ಹಲಗೆ ತೆಗೆದು ಹೊಸ ಹೊದಿಕೆ ಹಾಸಿದ ಮಂಚದ ಫೋಟೊ.

ವಿ.ಸೂ.: ವಿಚಾರಣೆಗಾಗಿ ತಾವೇ ಅವಳಿಗೆ ಕರೆ ಮಾಡುವುದಾದರೆ, ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರಿಸಿ. "ಮಂಚದ ಮೇಲೆ ಇಷ್ಟು ದಿನ ಏನಿತ್ತು?" ಎಂದು ಕೇಳಿದರೆ ಮಾತ್ರ ಆ ಚೂರನ್ನು ಎಸೆದುಬಿಡಬೇಕಾಗಿ ಪ್ರಾರ್ಥನೆ.