ಹೊಳೆ ಸದ್ದಿನ ಅಡಿಯಲ್ಲೊಂದು ಬೇಡ

ಬೇಡ ಎನ್ನುವುದು ನನಗೆ ಬರುವುದಿಲ್ಲ. ಇದನ್ನು ಸದ್ಗುಣವೆಂದು ಯಾರಾದರೂ ತಿಳಿದರೆ ನನ್ನ ಅಡ್ಡಿಯಿಲ್ಲ, ಐವತ್ತೈದು ವರ್ಷ ನಾನೂ ಹಾಗೆಯೇ ತಿಳಿದಿದ್ದೆ. ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಸೈಕಲ್ ಬರುವುದಿಲ್ಲ, ನನಗೆ ಬೇಡ ಬರುವುದಿಲ್ಲ. ಯಾರು ಏನು ಕೇಳಿದರೂ ನನ್ನ ಬಾಯಿಂದ ಹೊರಡುವುದು ಒಂದೇ ಮಾತು: ‘ಅದ್ಕೆಂತ.’ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ಅದಕ್ಕೇನಂತೆ, ಧಾರಾಳವಾಗಿ ಆಗಲಿ, ಇಷ್ಟು ಸಣ್ಣ ವಿಷಯವನ್ನು ಕೇಳುವುದೂ ಉಂಟೇ ಎಂಬ ಔದಾರ್ಯವೆಲ್ಲ ಅದರಲ್ಲಿ ಅಡಗಿದೆ. ಈ ಔದಾರ್ಯದ ದೆಸೆಯಿಂದ ನಾನು ಒಂದೇ ಸಂಜೆ ಮೂರು ಕಡೆ ವಂದನಾರ್ಪಣೆ ಮಾಡಿದ್ದೇನೆ. ಮೂರನೆಯ ಕಡೆ ಎರಡನೆಯ ಸಭೆಯ ಅಧ್ಯಕ್ಷರಿಗೆ ವಂದಿಸಿ ಕೂತಿದ್ದೇನೆ. ಗುರುತು ಪರಿಚಯವಿಲ್ಲದ ಯಾರದೋ ಹಲಸನ್ನು ಹುಂಚದಿಂದ ಸಾಗರದವರೆಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದೇನೆ. ಕೊಡುವಾಗ ಅದನ್ನು ಕಾಯಿ ಎಂದಿದ್ದರು. ಇಳಿಯುವಷ್ಟರಲ್ಲಿ ಅದು ಹಣ್ಣೆಂಬುದು ಇಡೀ ಬಸ್ಸಿಗೆ ಗೊತ್ತಾಗಿತ್ತು.

ತಪ್ಪು ಪೂರ್ತಿ ನನ್ನದೇ ಎಂದು ಒಪ್ಪಿಕೊಳ್ಳಲಾರೆ. ನಮ್ಮ ಸೀಮೆಯಲ್ಲಿ ಬೇಡ ಎಂಬ ಮಾತಿಗೆ ಮರ್ಯಾದೆಯೇ ಇಲ್ಲ. ಊಟದ ಪಂಕ್ತಿಯಲ್ಲಿ ಕೂತವರನ್ನು ನೋಡಿ. ಹೋಳಿಗೆ ಬಂದಾಗ ಹೇಳುವ ಮೊದಲ ಬೇಡ ಸಂಕೋಚದ್ದು, ಅದನ್ನು ಬಡಿಸುವವರು ಕಿವಿಗೇ ಹಾಕಿಕೊಳ್ಳುವುದಿಲ್ಲ. ಎರಡನೆಯದು ಶಿಷ್ಟಾಚಾರದ್ದು. ಮೂರನೆಯದು ನಿಜವಾದದ್ದೇ ಇರಬಹುದು, ಆದರೆ ಅಷ್ಟರಲ್ಲಿ ಹೋಳಿಗೆ ಎಲೆಗೆ ಬಿದ್ದು ಅದರ ಮೇಲೆ ತುಪ್ಪವೂ ಬಿದ್ದಿರುತ್ತದೆ. ಎಲೆಗೆ ಅಡ್ಡವಾಗಿ ಎರಡೂ ಕೈ ಹಿಡಿದು ಬಗ್ಗಿದ ನಮ್ಮಪ್ಪನ ಬೆನ್ನ ಮೇಲೆ ಒಮ್ಮೆ ಪಾಯಸ ಬಿದ್ದದ್ದುಂಟು. ಇಂಥಲ್ಲಿ ಹುಟ್ಟಿ ಬೆಳೆದವನು ಬೇಡ ಎಂಬುದನ್ನು ಯಾರಿಂದ ಕಲಿಯಬೇಕು?

ನಮ್ಮ ಮನೆ ಇರುವುದು ಸಾಗರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ. ಈ ವಿಳಾಸ ನನ್ನ ಸ್ವಭಾವದ ಜೊತೆ ಸೇರಿ ನನ್ನ ಹೆಂಡತಿ ಗಿರಿಜಾಳ ಜೀವನವನ್ನು ರೂಪಿಸಿತು. ಆಸ್ಪತ್ರೆಗೆ ಬಂದವರು, ಕೋರ್ಟಿಗೆ ಬಂದವರು, ಬಸ್ಸು ತಪ್ಪಿಸಿಕೊಂಡವರು, ಬಸ್ಸಿಗೆ ಎರಡು ಗಂಟೆ ಮೊದಲೇ ಬಂದವರು, ಎಲ್ಲರೂ ‘ಒಂದ್ ಸ್ವಲ್ಪ ಕೂತ್ಕಂಡು ಹೋಗ್ಲಾ ಮೇಷ್ಟ್ರೇ’ ಎಂದು ಕೇಳುತ್ತಾರೆ. ಅದ್ಕೆಂತ ಎನ್ನುತ್ತೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನಾನು ಹಾಗೆಂದು ಬೆಲ್ ಹೊಡೆಯುವಷ್ಟರಲ್ಲಿ ಶಾಲೆಗೆ ಹೊರಟುಬಿಡುತ್ತೇನೆ. ಕೂತವರಿಗೆ ಬೆಲ್ಲ-ನೀರು ಕೊಟ್ಟು, ಊಟದ ಹೊತ್ತಾದರೆ ಊಟಕ್ಕೆಬ್ಬಿಸಿ, ಚೀಲ ಕಾದು, ಬಸ್ಸಿನ ಹೊತ್ತು ನೆನಪಿಸಿ ಕಳಿಸುವವಳು ಗಿರಿಜಾ. ಅವಳ ಮುಖ ಗಂಟಿಕ್ಕಿದ್ದನ್ನು ಮೂವತ್ತು ವರ್ಷದಲ್ಲಿ ನಾನು ನೋಡಿರಲಿಲ್ಲ. ನೋಡಲು ನಾನು ಮನೆಯಲ್ಲಿರುತ್ತಿರಲಿಲ್ಲ ಎಂಬುದು ಈಚೆಗೆ ಹೊಳೆದ ವಿಷಯ.

ಗಿರಿಜಾಳಿಗೆ ಕೋಣಂದೂರಿನಲ್ಲಿ ಒಬ್ಬಳೇ ಅಕ್ಕ, ಸುಶೀಲಕ್ಕ. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ತೀರ್ಥಹಳ್ಳಿಯಲ್ಲಿ ಆಪರೇಷನ್ ಮಾಡಿಸಬೇಕು, ಆಮೇಲೆ ಎಂಟು ದಿನ ಹೊತ್ತು ಹೊತ್ತಿಗೆ ಕಣ್ಣಿಗೆ ಹನಿ ಹಾಕಬೇಕು. ಸುಶೀಲಕ್ಕನ ಹಟವೆಂದರೆ, ತಂಗಿ ಬಂದರೆ ಮಾತ್ರ ಮಾಡಿಸಿಕೊಳ್ಳುವುದು. ಚಿಕ್ಕಂದಿನಲ್ಲಿ ದಡಾರವಾದಾಗ ಗಿರಿಜಾಳನ್ನು ಹಗಲೂ ರಾತ್ರಿ ಕೂತು ನೋಡಿಕೊಂಡವರು ಅವರಂತೆ, ಈಗ ಬೇರೆಯವರ ಕೈ ಕಣ್ಣಿಗೆ ತಾಗಿದರೆ ರೆಪ್ಪೆ ತೆರೆಯುವುದೇ ಇಲ್ಲವಂತೆ. ಮೂರು ಸಲ ದಿನ ಗೊತ್ತಾಯಿತು. ಮೊದಲ ಸಲ ನಾನು ಯಾರದೋ ಮಗಳನ್ನು ಪರೀಕ್ಷೆ ಮುಗಿಯುವ ತನಕ ನಮ್ಮಲ್ಲಿ ಇಟ್ಟುಕೊಳ್ಳಲು ಒಪ್ಪಿದ್ದೆ. ಎರಡನೆಯ ಸಲ ಸಹೋದ್ಯೋಗಿಯೊಬ್ಬರ ಮನೆಗೆ ಬಣ್ಣ ಹೊಡೆಸುತ್ತಿದ್ದರು, ಅವರ ತಾಯಿ ನಮ್ಮಲ್ಲಿದ್ದರು. ಮೂರನೆಯ ಸಲ ಏನೆಂದು ನನಗೆ ಮರೆತಿದೆ, ಗಿರಿಜಾಳಿಗೆ ನೆನಪಿದೆ. ಮೂರು ಸಲವೂ ಅವಳು ಅಕ್ಕನಿಗೆ ಫೋನು ಮಾಡಿ ಮುಂದಿನ ತಿಂಗಳು ಬರುತ್ತೇನೆ ಎಂದಳು. ಅಷ್ಟರಲ್ಲಿ ಸುಶೀಲಕ್ಕ ಸಾರಿಗೆ ಎರಡು ಸಲ ಉಪ್ಪು ಹಾಕುವ ಹಂತಕ್ಕೆ ಬಂದಿದ್ದರು.

ಇದು ನನ್ನನ್ನು ಕೊರೆಯುತ್ತಿತ್ತು. ಒಂದು ದಿನ ಸ್ಟಾಫ್ ರೂಮಿನಲ್ಲಿ ಪಿ.ಟಿ. ಮಾಸ್ತರಾದ ತಿಮ್ಮೇಶರ ಮುಂದೆ ಬಾಯಿಬಿಟ್ಟೆ. ತಿಮ್ಮೇಶರು ತೀರ್ಥಹಳ್ಳಿ ಕಡೆಯವರು, ಮೂವತ್ತು ವರ್ಷ ಎಲೆ, ಅಡಿಕೆ, ತಂಬಾಕಿನ ಕವಳ ಹಾಕಿ ಹಾಕಿ ಸೀಟಿ ಊದಲು ಬಾಯಿ ಖಾಲಿಯಿಲ್ಲದಂತಿದ್ದವರು. ಈಗ ಅದನ್ನು ಬಿಟ್ಟಿದ್ದರು. ಹೇಗೆಂದರೆ ಸಬ್ಲಿಮಿನಲ್ ಸಂದೇಶದಿಂದ. ಮೊಬೈಲಿನಲ್ಲಿ ಒಂದು ಆ್ಯಪ್ ಇದೆ, ಅದರಲ್ಲಿ ಹೊಳೆ ಹರಿಯುವ ಸದ್ದು ಕೇಳಿಸುತ್ತದೆ, ಆ ಸದ್ದಿನ ಅಡಿಯಲ್ಲಿ ಕಿವಿಗೆ ಗೊತ್ತಾಗದಷ್ಟು ಸಣ್ಣಗೆ ಒಳ್ಳೆಯ ಮಾತುಗಳಿರುತ್ತವೆ, ನಮಗೆ ತಿಳಿಯದ ಹಾಗೆ ಅವು ಒಳಮನಸ್ಸಿಗೆ ಇಳಿದು ನಮ್ಮನ್ನು ತಿದ್ದುತ್ತವೆ ಎಂದು ಅವರು ವಿವರಿಸಿದರು. ಧ್ವನಿಯ ಪಾಠವನ್ನು ವರ್ಷಕ್ಕೆ ಮೂರು ಸೆಕ್ಷನ್ನಿಗೆ ಮಾಡುವ ನಾನು ಸುಮ್ಮನಿರಲಾಗದೆ, ಕೇಳಿಸದ ಮಾತು ಕೆಲಸ ಮಾಡುವುದು ಹೇಗೆ, ಜೋರಾಗಿ ಕೇಳಿಸುವ ಪಾಠವೇ ಮಕ್ಕಳ ತಲೆಗೆ ಹೋಗುತ್ತಿಲ್ಲವಲ್ಲ ಎಂದೆ. ‘ನಿಮ್ ವಿಜ್ಞಾನ ಆಚೆಗಿಡಿ ಸಾರ್, ನಾನೇ ನಿಮ್ ಎದ್ರಿಗೆ ಕೂತಿದೀನಲ್ಲ. ಹಾಕ್ಕೊಡ್ಲಾ?’ ಎಂದು ಅವರು ನನ್ನ ಮೊಬೈಲಿಗೆ ಕೈಚಾಚಿದರು. ನನಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಆದರೂ ಏನೆಂದೆ ಎಂದು ನೀವು ಊಹಿಸಬಲ್ಲಿರಿ. ಬೇಡ ಎನ್ನುವುದನ್ನು ಕಲಿಸುವ ಸಾಧನವನ್ನೂ ನನ್ನಿಂದ ಬೇಡ ಎನ್ನಲಾಗಲಿಲ್ಲ.

ಆ ಆ್ಯಪಿನಲ್ಲಿ ಸಂದೇಶವನ್ನು ನಮ್ಮದೇ ಧ್ವನಿಯಲ್ಲಿ ಹೇಳಿ ತುಂಬಿಸಬೇಕು. ಒಂದು ಭಾನುವಾರ ಮಧ್ಯಾಹ್ನ ನಡುಮನೆಯಲ್ಲಿ ಕೂತು ಗೋಡೆಯ ಕಡೆ ಮುಖ ಮಾಡಿ ಶುರುಮಾಡಿದೆ. ‘ಆಗುವುದಿಲ್ಲ ಎಂದು ಹೇಳುವುದು ತಪ್ಪಲ್ಲ. ಬೇಡ ಎಂದರೆ ಯಾರೂ ಸಾಯುವುದಿಲ್ಲ. ನಿನ್ನ ಹೊತ್ತು ನಿನ್ನದು.’ ನನಗೆ ನಾನೇ ಹೇಳಿಕೊಳ್ಳುವುದಾದ್ದರಿಂದ ‘ನಿನ್ನ’ ಎಂದೇ ಬರೆದುಕೊಂಡಿದ್ದೆ. ಮೂರೇ ವಾಕ್ಯ. ಆದರೆ ಮೊದಲ ಸಲ ಕುಕ್ಕರ್ ಕೂಗಿತು. ಎರಡನೆಯ ಸಲ ನಿಲ್ದಾಣದಿಂದ ಕಂಡಕ್ಟರೊಬ್ಬ ‘ಹೊಸನಗರ, ಹೊಸನಗರ’ ಎಂದು ನನ್ನ ಉಪದೇಶದ ನಡುವೆ ಸೇರಿಕೊಂಡ. ಮೂರನೆಯ ಸಲ ಪಕ್ಕದ ಮನೆಯ ಮಿಕ್ಸಿ. ಆಮೇಲೆ ನನ್ನದೇ ಕೆಮ್ಮು. ಹೇಳಿದ್ದನ್ನು ಕೇಳಿ ನೋಡಿದರೆ ಧ್ವನಿಯಲ್ಲಿ ದೃಢತೆ ಇಲ್ಲ, ಬೇಡ ಎನ್ನುವುದಕ್ಕೆ ಅನುಮತಿ ಕೇಳುತ್ತಿರುವ ಹಾಗಿತ್ತು. ಕ್ಲಾಸಿನ ಗಂಟಲು ತೆಗೆದು ಮತ್ತೆ ಹೇಳಿದೆ. ಇಪ್ಪತ್ತು ಸಲವಾದರೂ ಹೇಳಿರಬೇಕು. ಗಿರಿಜಾ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಇದೇನೆಂದು ಅವಳು ಕೇಳಲಿಲ್ಲ, ನಾಚಿಕೆಯಾಗಿ ನಾನೂ ಹೇಳಲಿಲ್ಲ.

ಮೂರು ವಾರ ಆ ಹೊಳೆಯನ್ನು ಕೇಳಿದೆ. ಊಟವಾದ ಮೇಲೆ ಸ್ಟಾಫ್ ರೂಮಿನಲ್ಲಿ ಒಮ್ಮೆ, ಸಂಜೆ ತಿರುಗಾಡುವಾಗ ಒಮ್ಮೆ. ಅದರ ಪರಿಣಾಮವೆಂದು ಖಚಿತವಾಗಿ ಹೇಳಬಹುದಾದದ್ದು ಒಂದೇ, ನೀರಿನ ಸದ್ದಿಗೆ ಪದೇ ಪದೇ ಬಚ್ಚಲ ಕಡೆ ಹೋಗಬೇಕೆನಿಸುತ್ತಿತ್ತು. ಉಳಿದಂತೆ ಆ ಮೂರು ವಾರಗಳಲ್ಲಿ ನಾನು ಒಂದು ಸಂಘದ ಕಾರ್ಯದರ್ಶಿಯಾದೆ, ಎರಡು ಬೆಕ್ಕಿನ ಮರಿಗಳನ್ನು ಮನೆಗೆ ತಂದೆ. ಇದರ ನಡುವೆ ವರದಮೂಲಕ್ಕೆ ಹೋದಾಗ ದೇವಸ್ಥಾನದ ಹೊರಗೆ ತಿಮ್ಮೇಶರು ಸಿಕ್ಕಿದರು. ಬಲಗೆನ್ನೆ ಉಬ್ಬಿತ್ತು. ನಾನು ನೋಡುತ್ತಲೇ ನಿಂತದ್ದು ಕಂಡು, ಸಂದೇಶದಲ್ಲಿ ತಂಬಾಕು ಬಿಡಬೇಕೆಂದು ಮಾತ್ರ ಹೇಳಿದ್ದೆ, ಎಲೆ ಅಡಿಕೆಯ ಮಾತು ಎತ್ತಿರಲಿಲ್ಲ ಎಂದು ಸಮಜಾಯಿಷಿ ಕೊಟ್ಟರು. ಗಾಳಿಯಲ್ಲಿ ತಂಬಾಕಿನ ವಾಸನೆ ಸ್ಪಷ್ಟವಾಗಿತ್ತು, ಆದರೆ ಅದನ್ನು ಅವರಿಗೆ ಹೇಳುವಷ್ಟು ನಾನಿನ್ನೂ ಸುಧಾರಿಸಿರಲಿಲ್ಲ.

ವಿಚಿತ್ರ ನಡೆದದ್ದು ಮನೆಯಲ್ಲಿ. ಬೀದಿಯ ಮಹಿಳಾ ಸಂಘದವರು ಬಂದು ಎಂದಿನಂತೆ ಕಾರ್ಯಕ್ರಮದ ಕಡುಬಿನ ಹೊಣೆ ಗಿರಿಜಾಳಿಗೆ ಹೊರಿಸಲು ನೋಡಿದಾಗ, ಅವಳು ‘ಈ ಸಲ ನಂಗಾಗಲ್ಲ’ ಎಂದಳು. ಸಿಟ್ಟಿಲ್ಲ, ನೆಪವಿಲ್ಲ, ಮೊಣಕಾಲು ನೋವಿನ ಮಾತಿಲ್ಲ. ಅವರು ಇನ್ನೆರಡು ಸಲ ಒತ್ತಾಯ ಮಾಡಿ, ಟೀ ಕುಡಿದು, ಬೇರೆ ಮನೆ ಹುಡುಕಿಕೊಂಡು ಹೋದರು. ಮರುದಿನ ಪಕ್ಕದ ಮನೆಯವರು ತಮ್ಮ ಹಪ್ಪಳದ ಹಿಟ್ಟು ಕಲಸಿಕೊಡಲು ಕರೆದಾಗಲೂ ಅದೇ ಉತ್ತರ. ನಾನು ಬೆರಗಾದೆ. ನನ್ನ ಮೊಬೈಲಿನ ಹೊಳೆ ಎಲ್ಲೋ ದಡ ಮೀರಿ ಇವಳಿಗೆ ತಾಗಿರಬೇಕೆನಿಸಿ, ಯಂತ್ರ ಕೆಲಸ ಮಾಡುತ್ತದೆ, ಆದರೆ ಪಕ್ಕದವರ ಮೇಲೆ ಎಂದು ತಿಮ್ಮೇಶರಿಗೆ ವರದಿಯನ್ನೂ ಕೊಟ್ಟೆ.

ಹೀಗಿರುವಾಗ ಸುಶೀಲಕ್ಕನಿಗೆ ನಾಲ್ಕನೆಯ ಸಲ ದಿನ ಗೊತ್ತಾಯಿತು. ಮಂಗಳವಾರ ಆಪರೇಷನ್, ಸೋಮವಾರ ಗಿರಿಜಾ ಹೊರಡಬೇಕು. ಶುಕ್ರವಾರ ಸಂಜೆ ಹುಂಚದ ಮಂಜಪ್ಪ ಭಾವ ಫೋನು ಮಾಡಿದರು. ನನ್ನ ದೊಡ್ಡಪ್ಪನ ಮಗಳ ಗಂಡ, ಒಳ್ಳೆಯ ಮನುಷ್ಯ. ಮಗಳನ್ನು ನೋಡಲು ಸೋಮವಾರ ಗಂಡಿನ ಕಡೆಯವರು ಹದಿನೈದು ಜನ ಬರುತ್ತಾರೆ, ಅವರಿಗೆ ಸಾಗರವೇ ಅನುಕೂಲ, ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳೋಣವೇ ಎಂದರು. ಅದ್ಕೆಂತ ಭಾವ ಎಂದೆ. ಹಾಗೆಂದ ಮೇಲೆ ಸೋಮವಾರ ಎಂಬ ಶಬ್ದ ಕಿವಿಯಿಂದ ಮನಸ್ಸಿಗೆ ಇಳಿಯಿತು. ತಿರುಗಿ ನೋಡಿದರೆ ಗಿರಿಜಾ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಕೋಣಂದೂರಿಗೆಂದು ಮಡಿಸುತ್ತಿದ್ದ ಸೀರೆ.

ನಾನು ತಡವರಿಸಿ ಹದಿನೈದು ಜನ, ಉಪ್ಪಿಟ್ಟು, ಕೇಸರಿಬಾತು ಎಂದೇನೋ ಶುರುಮಾಡಿದೆ. ಅವಳು ಸೀರೆ ಮಡಿಸುವುದನ್ನು ನಿಲ್ಲಿಸಲಿಲ್ಲ.

‘ಮಾಡಿ. ರವೆ ಡಬ್ಬಿ ಮೇಲಿನ ಗೂಡಲ್ಲಿದೆ. ನಾನು ಸೋಮವಾರ ಬೆಳಿಗ್ಗೆ ಬಸ್ಸಿಗೆ ಹೋಗ್ತೀನಿ’ ಎಂದಳು. ಸೀರೆಯನ್ನು ಚೀಲಕ್ಕೆ ಹಾಕುತ್ತಾ, ‘ಅದ್ಕೆಂತ ಅನ್ನೋದು ನೀವು, ಒಲೆ ಹಚ್ಚೋದು ನಾನು. ಇಷ್ಟು ವರ್ಷ ಹಂಗೇ ನಡೀತು. ಅಕ್ಕನ ಕಣ್ಣು ಇನ್ನು ಕಾಯಲ್ಲ’ ಎಂದಳು.

ಮೂವತ್ತು ವರ್ಷ ಊರೆಲ್ಲ ನನ್ನದೆಂದು ಹೊಗಳಿದ ಔದಾರ್ಯ ನನ್ನದಾಗಿರಲಿಲ್ಲ. ಒಪ್ಪುವ ಸುಖ ನನ್ನದು, ಒಪ್ಪಿದ್ದನ್ನು ನಡೆಸುವ ಕಷ್ಟ ಅವಳದು. ನಾಚಿಕೆ ಮುಚ್ಚಿಕೊಳ್ಳಲು, ಆ ಹೊಳೆ ಸದ್ದು ನಿನಗೂ ಕೇಳಿಸುತ್ತಿತ್ತೇ, ಅದರಿಂದಲೇ ನೀನು ಹೀಗಾದೆಯೇ ಎಂದು ಕೇಳಿದೆ.

‘ಯಾವ ಹೊಳೆ?’ ಎಂದಳು. ‘ಆ ಭಾನುವಾರ ನೀವೇ ಹೇಳಿದ್ರಲ್ಲ, ಗೋಡೆ ಕಡೆ ತಿರುಗ್ಕಂಡು. ಆಗಲ್ಲ ಅನ್ನೋದು ತಪ್ಪಲ್ಲ, ನಿನ್ನ ಹೊತ್ತು ನಿಂದು ಅಂತ. ಒಂದ್ಸಲ ಅಲ್ಲ, ಎರಡ್ಸಲ ಅಲ್ಲ. ನಂಗೇ ಹೇಳ್ತಿದಾರೆ, ಮುಖ ನೋಡಿ ಹೇಳೋಕೆ ಸಂಕೋಚ ಇವ್ರಿಗೆ ಅಂದ್ಕಂಡೆ. ಅಕ್ಕಿ ಆರಿಸ್ತಾ ಅತ್ತುಬಿಟ್ಟೆ ಆವತ್ತು.’

ಅದು ನಿನಗಲ್ಲ, ನನಗೆ ನಾನೇ ಹೇಳಿಕೊಂಡದ್ದು ಎಂಬ ಸತ್ಯ ನನ್ನ ಬಾಯಿತನಕ ಬಂದಿತ್ತು. ಅಲ್ಲ ಎಂಬ ಎರಡೇ ಅಕ್ಷರ ಸಾಕಿತ್ತು. ಹೇಳಲಿಲ್ಲ. ಜನ್ಮಕ್ಕಂಟಿದ ಈ ದೌರ್ಬಲ್ಯದಿಂದ ನಮ್ಮ ಮನೆಗೆ ಒಳ್ಳೆಯದಾದದ್ದು ಅದೊಂದೇ ಸಲ.

ಮತ್ತೆ ಫೋನು ಹಿಡಿದು ಮಂಜಪ್ಪ ಭಾವನಿಗೆ, ಸೋಮವಾರ ಆಗುವುದಿಲ್ಲ ಎಂದೆ. ಅವರೂ ನಮ್ಮ ಸೀಮೆಯವರೇ ತಾನೇ, ನನ್ನ ಬೇಡವನ್ನು ಮೊದಲನೆಯ ಬೇಡವೆಂದು ತಿಳಿದು, ಸಂಕೋಚ ಮಾಡಿಕೊಳ್ಳಬೇಡ, ಹಾಲು ನಾವೇ ತರುತ್ತೇವೆ ಎಂದರು. ಇನ್ನೊಮ್ಮೆ ಹೇಳಿದೆ. ಹಾಗಾದರೆ ಬಾಳೆಹಣ್ಣೂ ನಮ್ಮದೇ ಎಂದರು. ಕೊನೆಗೆ ಇದ್ದದ್ದು ಇದ್ದ ಹಾಗೆ ಹೇಳಿದೆ, ಗಿರಿಜಾ ತನ್ನ ಅಕ್ಕನ ಕಣ್ಣಿಗೆ ಹನಿ ಹಾಕಲು ಹೋಗುತ್ತಿದ್ದಾಳೆ, ಮೂರು ಸಲ ನಾನೇ ತಪ್ಪಿಸಿದ್ದೇನೆ, ನಾಲ್ಕನೆಯ ಸಲ ತಪ್ಪಿಸಲಾರೆ. ‘ಹಂಗಾರೆ ಹೋಗ್ಬರ್ಲಿ ಮಾರಾಯ. ಹುಂಚಕ್ಕೇ ಬರೋಕೆ ಹೇಳ್ತೀನಿ ಅವ್ರಿಗೆ, ಬಸ್ಸಿಲ್ವಾ?’ ಎಂದರು ಭಾವ. ಯಾರೂ ಸಾಯಲಿಲ್ಲ.

ಸೋಮವಾರ ಬೆಳಿಗ್ಗೆ ಅವಳ ಚೀಲ ಹಿಡಿದು ನಿಲ್ದಾಣಕ್ಕೆ ಹೋದೆ. ತೀರ್ಥಹಳ್ಳಿ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಬೆಕ್ಕಿನ ಮರಿಗಳಿಗೆ ಹಾಲು, ಹಿತ್ತಿಲ ಬಾಗಿಲ ಚಿಲಕ ಎಂದು ನೆನಪಿಸುತ್ತಿದ್ದವಳು ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯಿಂದ ಬಗ್ಗಿ, ‘ಎಂಟು ದಿನ ಆದ್ಮೇಲೆ ಅಕ್ಕನ ಜೊತೆ ಇನ್ನೊಂದು ವಾರ ಇದ್ದು ಬರ್ಲಾ?’ ಎಂದು ಕೇಳಿದಳು. ಅವಳು ಹಾಗೆ ಏನನ್ನಾದರೂ ಕೇಳಿದ್ದು ನನಗೆ ನೆನಪಿರಲಿಲ್ಲ. ಆಗ ನನ್ನೊಳಗಿನಿಂದ ಒಂದು ಬೇಡ ಎದ್ದು ಬಂತು. ಸಂಕೋಚದ್ದಲ್ಲ, ಶಿಷ್ಟಾಚಾರದ್ದಲ್ಲ, ಐವತ್ತೈದು ವರ್ಷದಲ್ಲಿ ನನಗೋಸ್ಕರವೇ ಎದ್ದ ಮೊದಲ ನಿಜವಾದ ಬೇಡ. ಬೇಡ ಗಿರಿಜಾ, ಎಂಟು ದಿನವೇ ಹೆಚ್ಚು, ಬೇಗ ಬಂದುಬಿಡು.

‘ಅದ್ಕೆಂತ’ ಎಂದೆ.